ಅರಿಶಿನ, ಶುಂಠಿ ಗಡ್ಡೆ ಕೊಳೆ: ಮದ್ದು ಸುರಿಯುವ ಮೊದಲು ಯಾವ ಕೊಳೆಯೆಂದು ಪತ್ತೆ ಹಚ್ಚುವುದು

ಜುಲೈ ಮಳೆ ನಾಲ್ಕು ದಿನ ಬಿಡದೆ ಸುರಿದು ಐದನೆಯ ದಿನ ಬಿಸಿಲು ಬಿದ್ದಾಗ, ಮಡಿಯ ನಡುವೆ ಒಂದೆರಡು ಗಿಡ ಹಳದಿ ಬಿದ್ದಿರುವುದು ಕಣ್ಣಿಗೆ ಬೀಳುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಅರಿಶಿನವಾಗಲಿ, ಹುಣಸೂರು, ಪಿರಿಯಾಪಟ್ಟಣ, ಸೋಮವಾರಪೇಟೆ ಕಡೆಯ ಶುಂಠಿಯಾಗಲಿ, ಮುಂದಿನ ನಡೆ ಸಾಮಾನ್ಯವಾಗಿ ಒಂದೇ. ಗಿಡ ಕಿತ್ತು ನೋಡುವುದಿಲ್ಲ. ಅಂಗಡಿಗೆ ಹೋಗಿ ‘ಎಲೆ ಹಳದಿಯಾಗಿದೆ’ ಎನ್ನುತ್ತೇವೆ, ಕೊಟ್ಟ ಪುಡಿಯನ್ನು ತಂದು ಬುಡಕ್ಕೆ ಸುರಿಯುತ್ತೇವೆ. ವಾರ ಕಳೆದರೂ ಕೊಳೆ ನಿಲ್ಲದಿದ್ದರೆ ಇನ್ನೊಂದು ಪುಡಿ ತರುತ್ತೇವೆ. ಅಷ್ಟರಲ್ಲಿ ಎರಡು ಗಿಡದ ರೋಗ ಇಡೀ ಮಡಿ ಹಿಡಿದಿರುತ್ತದೆ.

ಮದ್ದು ಕೆಲಸ ಮಾಡದಿರಲು ಕಾರಣ ಹೆಚ್ಚಾಗಿ ಮದ್ದಿನ ಕಳಪೆತನವಲ್ಲ, ರೋಗವೇ ಬೇರೆಯದಾಗಿರುವುದು. ಗಡ್ಡೆ ಕೊಳೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಜೀವಿಗಳಿವೆ. ಪಿಥಿಯಂ ನೀರಿನಲ್ಲಿ ಈಜುವ ಬೀಜಕಣಗಳನ್ನು ಬಿಡುತ್ತದೆ. ನೋಟಕ್ಕೆ ಶಿಲೀಂಧ್ರದಂತಿದ್ದರೂ ಅದು ನಿಜವಾದ ಶಿಲೀಂಧ್ರವಲ್ಲ. ಫ್ಯುಸೇರಿಯಂ ನಿಜವಾದ ಶಿಲೀಂಧ್ರ. ರಾಲ್ಸ್ಟೋನಿಯಾ ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಪಿಥಿಯಂಗೆ ನಾಟುವ ಮೆಟಲಾಕ್ಸಿಲ್ ಉಳಿದ ಎರಡಕ್ಕೂ ನಾಟುವುದಿಲ್ಲ. ಫ್ಯುಸೇರಿಯಂ ಅನ್ನು ತಡೆಯುವ ಕಾರ್ಬೆಂಡಜಿಂ ಪಿಥಿಯಂ ಮೇಲೆ ಏನೂ ಮಾಡದು. ದುಂಡಾಣು ಗಿಡದ ಒಳಗೆ ಸೇರಿದ ಮೇಲೆ ಅದನ್ನು ಗುಣಪಡಿಸುವ ಮದ್ದೇ ಇಲ್ಲ. ಹಾಗಾಗಿ ಅರ್ಧ ಗಂಟೆಯ ಪತ್ತೆ ಕೆಲಸ ಸಾವಿರಾರು ರೂಪಾಯಿಯ ಪುಡಿಗಿಂತ ಮುಂಚೆ ಆಗಬೇಕು. ಬೇಕಾಗುವುದು ಗುದ್ದಲಿ, ಹರಿತವಾದ ಚಾಕು, ಒಂದು ಗಾಜಿನ ಲೋಟ, ತಿಳಿನೀರು.

ಮೊದಲು ಬದುವಿನ ಮೇಲೆ ನಿಂತು ನೋಡಿ

ಗಿಡಕ್ಕೆ ಕೈ ಹಾಕುವ ಮೊದಲು ರೋಗ ಹೊಲದಲ್ಲಿ ಯಾವ ಆಕಾರದಲ್ಲಿ ಹರಡಿದೆ ಎಂದು ಗಮನಿಸಿ. ಒಂದು ಜಾಗದಲ್ಲಿ ಶುರುವಾಗಿ ಇಳಿಜಾರಿನ ಕಡೆಗೆ ಮೊರದ ಹಾಗೆ ಅಗಲವಾಗುತ್ತ ಹೋಗಿದ್ದರೆ ರೋಗ ನೀರಿನೊಂದಿಗೆ ಇಳಿಯುತ್ತಿದೆ. ಪಿಥಿಯಂ, ದುಂಡಾಣು ಎರಡೂ ಹೀಗೆಯೇ ಹೋಗುತ್ತವೆ. ಎಲ್ಲ ಮಡಿಗಳಲ್ಲೂ ಅಲ್ಲೊಂದು ಇಲ್ಲೊಂದು ಗಿಡ, ಅಕ್ಕಪಕ್ಕದವು ಚೆನ್ನಾಗಿಯೇ ಇವೆ ಎಂದಾದರೆ ರೋಗ ಬಿತ್ತನೆ ಗಡ್ಡೆಯಲ್ಲೇ ಬಂದಿದೆ. ಓಡಾಡುವ ದಾರಿಯ ಅಂಚಿನ ಗಿಡಗಳೇ ಸಾಲಾಗಿ ಹೋಗುತ್ತಿದ್ದರೆ ಕಳೆ ತೆಗೆಯುವ ಕುಡುಗೋಲು, ಗುದ್ದಲಿ, ಕಾಲಿನ ಕೆಸರು ಅದನ್ನು ಹೊತ್ತಿವೆ. ಹನಿ ನೀರಾವರಿ ಪೈಪಿನ ತಗ್ಗಿನ ತುದಿಯಲ್ಲಿ ಮಾತ್ರ ಕಂಡರೆ ಅಲ್ಲಿ ನೀರು ಹೆಚ್ಚಾಗಿದೆ. ಪೈಪು ಮುಚ್ಚಿದ ಮೇಲೂ ಉಳಿದ ನೀರೆಲ್ಲ ತಗ್ಗಿನ ತೂತುಗಳಲ್ಲೇ ಬಸಿಯುತ್ತಿರುತ್ತದೆ.

ಮಳೆ ನಿಂತು ಅರ್ಧ ಗಂಟೆಯಾದ ಮೇಲೆ ಇನ್ನೊಮ್ಮೆ ಹೋಗಿ. ಆಗಲೂ ನೀರು ನಿಂತಿರುವ ಜಾಗಗಳಿಗೆ ಒಂದೊಂದು ಕೋಲು ನೆಡಿ. ಮುಂದಿನ ತಿಂಗಳು ರೋಗ ಎಲ್ಲಿ ಏಳಬಹುದು ಎಂಬುದಕ್ಕೆ ಆ ಕೋಲುಗಳೇ ಗುರುತು.

ಎಳೆದು, ಸೀಳಿ, ಮೂಸಿ ನೋಡುವುದು

ಪೂರ್ತಿ ಸತ್ತ ಗಿಡವನ್ನು ಆರಿಸಬೇಡಿ. ಸತ್ತ ಗಡ್ಡೆಯಲ್ಲಿ ಹುಳ, ಬೂಸ್ಟು ಎಲ್ಲ ಸೇರಿ ಮೂಲ ರೋಗದ ಗುರುತು ಅಳಿಸಿಹೋಗಿರುತ್ತದೆ. ಈಗಷ್ಟೇ ಹಳದಿ ತಿರುಗುತ್ತಿರುವ ಮೂರು ಗಿಡ, ಅವುಗಳ ಪಕ್ಕದ ಹಸಿರು ಗಿಡ ಒಂದು, ಒಟ್ಟು ನಾಲ್ಕು ಬೇಕು. ಹಸಿರು ಗಿಡ ಹೋಲಿಕೆಗೆ.

ಮೊದಲು ಕಾಂಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಹೆಚ್ಚು ಬಲ ಹಾಕದೆಯೇ ಕಾಂಡ ಗಡ್ಡೆಯಿಂದ ಕಳಚಿ ಬಂದು, ಬುಡ ನೀರು ಕುಡಿದಂತೆ ಮೆತ್ತಗೆ ಕಂದಾಗಿದ್ದರೆ ಪಿಥಿಯಂನ ಮೃದು ಕೊಳೆ ಎಂಬ ಅನುಮಾನ ಬಲವಾಗುತ್ತದೆ. ಇದರಲ್ಲಿ ಹಳದಿ ಕೆಳಗಿನ ಎಲೆಗಳ ತುದಿ, ಅಂಚಿನಿಂದ ಶುರುವಾಗುತ್ತದೆ. ಎಲೆಯ ನಡುಭಾಗ ಮೊದಮೊದಲು ಹಸಿರಾಗಿಯೇ ಇರುತ್ತದೆ. ಬಳಿಕ ಹಳದಿ ಮೇಲಿನ ಎಲೆಗಳಿಗೆ ಏರಿ, ಎಲೆ ಜೋತುಬಿದ್ದು ಒಣಗಿ, ಕಾಂಡ ವಾಲುತ್ತದೆ. ಗಡ್ಡೆ ಅಗೆದರೆ ತಿರುಳು ಲೊಳೆಯಾಗಿ ಸಿಪ್ಪೆ ಮಾತ್ರ ಚೀಲದಂತೆ ಉಳಿದಿರುತ್ತದೆ, ನಾತ ಹೊಡೆಯುತ್ತದೆ. ಅರಿಶಿನದಲ್ಲಿ ಬಣ್ಣವೇ ಸಾಕ್ಷಿ: ಒಳ್ಳೆಯ ಗಡ್ಡೆಯ ಕಿತ್ತಳೆ ಮಿಶ್ರಿತ ಹಳದಿ ಹೋಗಿ ಕಂದು ಬಣ್ಣ ಬಂದಿರುತ್ತದೆ.

ಎಳೆದರೂ ಗಿಡ ಸುಲಭಕ್ಕೆ ಬಾರದೆ, ನಿಂತಲ್ಲೇ ನಿಧಾನಕ್ಕೆ ಹಳದಿಯಾಗಿ ನಿಂತಲ್ಲೇ ಒಣಗುತ್ತಿದ್ದರೆ ಫ್ಯುಸೇರಿಯಂ ಕಡೆ ಯೋಚಿಸಿ. ಇದು ವಾರಗಟ್ಟಲೆ ಎಳೆಯುವ ರೋಗ. ಗಡ್ಡೆಯನ್ನು ಅಡ್ಡ ಸೀಳಿದರೆ ನಾರಿನ ಭಾಗದಲ್ಲಿ ಕಂದು ಚುಕ್ಕೆ ಅಥವಾ ಉಂಗುರ ಕಾಣುತ್ತದೆ. ತಿರುಳು ಲೊಳೆಯಾಗುವ ಬದಲು ಬೆಂಡಿನಂತೆ ಒಣಗಿ ಸುಕ್ಕಾಗಿರುತ್ತದೆ. ಕೆಲವು ಸಲ ಮೇಲೆ ಬಿಳಿ ಬೂಸ್ಟು ಇರುತ್ತದೆ. ಲೊಳೆ ಕೊಳೆಯ ಗಬ್ಬು ಇರುವುದಿಲ್ಲ.

ದುಂಡಾಣು ಸೊರಗು ರೋಗದ ನಡೆ ಬೇರೆ. ಅರಿಶಿನಕ್ಕಿಂತ ಶುಂಠಿಯಲ್ಲಿ ಇದರ ಹಾವಳಿ ಬಹಳ ಹೆಚ್ಚು. ಬಿಸಿಲಿನ ಹೊತ್ತಿನಲ್ಲಿ ಎಲೆಯ ಅಂಚು ಒಳಕ್ಕೆ ಸುರುಳಿ ಸುತ್ತುತ್ತದೆ. ಹಳದಿ ಪೂರ್ತಿ ಏರುವ ಮೊದಲೇ, ಇನ್ನೂ ಹಸಿರಿರುವಾಗಲೇ ಗಿಡ ಬಿಸಿನೀರು ಬಿದ್ದಂತೆ ಸೊರಗುತ್ತದೆ. ಮೊದಲ ಗುರುತು ಕಂಡ ಐದರಿಂದ ಹತ್ತು ದಿನದಲ್ಲಿ ಗಿಡ ಹೋಗುತ್ತದೆ. ಕಾಂಡದ ಬುಡದಲ್ಲಿ ನೀರು ತುಂಬಿದಂಥ ಕಲೆ, ಒಳಗೆ ಕಪ್ಪು ಗೆರೆ ಇರುತ್ತವೆ. ಕತ್ತರಿಸಿದ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹಾಲಿನಂಥ ಅಂಟು ದ್ರವ ಹನಿಹನಿಯಾಗಿ ಹೊರಬರುತ್ತದೆ.

ನಾತದ ಮೇಲೆ ಮಾತ್ರ ತೀರ್ಮಾನ ಬೇಡ. ಪಿಥಿಯಂ ಕೊಳೆಯೂ ನಾರುತ್ತದೆ, ಬಲಿತ ದುಂಡಾಣು ಕೊಳೆಯೂ ನಾರುತ್ತದೆ. ಇವೆರಡನ್ನು ಬೇರ್ಪಡಿಸುವುದು ಲೋಟದ ಪರೀಕ್ಷೆ.

ಲೋಟದ ಪರೀಕ್ಷೆ

ಈಗಷ್ಟೇ ಸೊರಗಿದ ಗಿಡದ ಬುಡದಿಂದ ಎರಡು ಅಂಗುಲ ಉದ್ದದ ಕಾಂಡದ ತುಂಡನ್ನು ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸಿ. ಜಜ್ಜಬಾರದು. ಮಣ್ಣು ತೊಳೆದು, ತುಂಡಿನ ಮೇಲ್ತುದಿಗೆ ಕಡ್ಡಿ ಚುಚ್ಚಿ, ಆ ಕಡ್ಡಿಯನ್ನು ಲೋಟದ ಬಾಯಿಗೆ ಅಡ್ಡ ಇಡಿ. ಕತ್ತರಿಸಿದ ಕೆಳತುದಿ ಮಾತ್ರ ಅರ್ಧ ಅಂಗುಲ ನೀರಿನಲ್ಲಿ ಮುಳುಗಿರಲಿ. ಲೋಟವನ್ನು ಅಲುಗಿಸದೆ, ಹಿಂದೆ ಕಪ್ಪು ಬಟ್ಟೆ ಹಿಡಿದು ಐದು ನಿಮಿಷ ನೋಡಿ. ದುಂಡಾಣುವಾಗಿದ್ದರೆ ತುದಿಯಿಂದ ಹೊಗೆಯೆಳೆಯಂಥ ಬಿಳಿ ದಾರ ನೇರವಾಗಿ ಕೆಳಗಿಳಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನೀರು ಕದಡಿದ ಹಾಲಿನಂತಾಗುತ್ತದೆ. ಪಿಥಿಯಂ, ಫ್ಯುಸೇರಿಯಂನಲ್ಲಿ ಹೀಗೆ ದಾರ ಇಳಿಯುವುದಿಲ್ಲ.

ಈ ಪರೀಕ್ಷೆ ತಪ್ಪುವುದು ಎರಡು ಕಡೆ. ತುಂಡನ್ನು ಸರಿಯಾಗಿ ತೊಳೆಯದಿದ್ದರೆ ಮಣ್ಣು ಕರಗಿ ನೀರು ಕದಡುತ್ತದೆ, ಅದನ್ನು ದುಂಡಾಣು ಎಂದುಕೊಳ್ಳುತ್ತೇವೆ. ಮಣ್ಣು ಮೋಡದಂತೆ ಹರಡುತ್ತದೆ, ದುಂಡಾಣು ದಾರದಂತೆ ಇಳಿಯುತ್ತದೆ. ಇನ್ನೊಂದು, ಪೂರ್ತಿ ಕೊಳೆತ ತುಂಡು ತೆಗೆದುಕೊಂಡರೆ ಕೊಳೆತ ರಸವೇ ಇಳಿಯುತ್ತದೆ. ಅದಕ್ಕೇ ಹಸಿರು ಗಿಡದ ತುಂಡನ್ನು ಪಕ್ಕದ ಲೋಟದಲ್ಲಿಟ್ಟು ಹೋಲಿಸಬೇಕು. ಮೂರು ರೋಗಿ ಗಿಡಗಳಲ್ಲಿ ಎರಡರಲ್ಲಾದರೂ ದಾರ ಕಂಡರೆ ಮಾತ್ರ ದುಂಡಾಣು ಎನ್ನಿ.

ಪಿಥಿಯಂ ಇದೆಯೇ ಎಂದು ಮನೆಯಲ್ಲೇ ಅಂದಾಜು ಮಾಡಲು ಸೌತೆಕಾಯಿ ಬಳಸಬಹುದು. ರೋಗದ ಬುಡದ ಮಣ್ಣು ಎರಡು ಚಮಚವನ್ನು ಬಟ್ಟಲಿಗೆ ಹಾಕಿ, ಕುದಿಸಿ ಆರಿಸಿದ ನೀರು ಅರ್ಧ ಬಟ್ಟಲು ಸುರಿದು, ಎಳೆ ಸೌತೆಕಾಯಿಯ ಮೂರು ತೆಳು ಬಿಲ್ಲೆ ತೇಲಿಬಿಡಿ. ಇನ್ನೊಂದು ಬಟ್ಟಲಲ್ಲಿ ಮಣ್ಣಿಲ್ಲದೆ ಬರೀ ನೀರು, ಬಿಲ್ಲೆ. ಎರಡು ಮೂರು ದಿನದಲ್ಲಿ ಮಣ್ಣಿನ ಬಟ್ಟಲಿನ ಬಿಲ್ಲೆಯ ಅಂಚು ನೀರಾಗಿ, ಹತ್ತಿಯಂಥ ಬಿಳಿ ಎಳೆ ಹೊರಟು, ಬರೀ ನೀರಿನ ಬಿಲ್ಲೆ ಹಾಗೆಯೇ ಇದ್ದರೆ ಪಿಥಿಯಂ ಇರುವ ಸಂಭವ ಹೆಚ್ಚು. ಬಿಳಿ ಎಳೆಯ ಮೇಲೆ ಕರಿ ಚುಕ್ಕೆಗಳ ತಲೆ ಎದ್ದರೆ ಅದು ಹಳಸಿದ ರೊಟ್ಟಿಗೆ ಬರುವಂಥ ಬೂಸ್ಟು, ಲೆಕ್ಕಕ್ಕಿಲ್ಲ. ಇದು ಅಂದಾಜಿನ ಪರೀಕ್ಷೆಯೇ ಹೊರತು ಪ್ರಯೋಗಾಲಯದ ವರದಿಗೆ ಸಮವಲ್ಲ. ಖಚಿತವಾಗಬೇಕೆಂದರೆ ರೋಗ ಆರಂಭದ ಗಿಡವನ್ನು ಬುಡದ ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಕಾಲೇಜಿಗೋ ಅದೇ ದಿನ ಮುಟ್ಟಿಸಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ದಾರಿಯಲ್ಲೇ ಬೆಂದು ಕೊಳೆತು ಪ್ರಯೋಜನಕ್ಕೆ ಬಾರದಂತಾಗುತ್ತದೆ.

ಹಳದಿಯಾದದ್ದೆಲ್ಲ ಕೊಳೆಯಲ್ಲ

ಸುಳಿ ಮಾತ್ರ ಒಣಗಿ, ಎಳೆದರೆ ಸುಳಿಯೊಂದೇ ಕಿತ್ತುಬಂದು, ಕಾಂಡದಲ್ಲಿ ತೂತು, ತೂತಿನ ಬಾಯಲ್ಲಿ ಹಿಕ್ಕೆ ಇದ್ದರೆ ಅದು ಕಾಂಡ ಕೊರಕ ಹುಳು. ಗಡ್ಡೆ ಗಟ್ಟಿಯಾಗಿಯೇ ಇರುತ್ತದೆ.

ಎಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನರಗಳ ನಡುವೆ ಮಾತ್ರ ಹಳದಿ ಅಥವಾ ಬಿಳಿಚಿಕೊಂಡಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗುತ್ತದೆ. ಕೊಳೆಯಲ್ಲಿ ಹಳದಿ ಕೆಳಗಿನ ಹಳೆ ಎಲೆಯಿಂದ ಏರುತ್ತದೆ, ಕಬ್ಬಿಣದ ಕೊರತೆ ಮೇಲಿನ ಎಳೆ ಎಲೆಯಲ್ಲಿ ಮೊದಲು ಕಾಣುತ್ತದೆ. ಇದೊಂದನ್ನು ನೆನಪಿಟ್ಟರೆ ಬೇಡದ ಖರ್ಚು ಎಷ್ಟೋ ತಪ್ಪುತ್ತದೆ.

ಹೊಲದ ಒಂದು ಭಾಗ ಕುಂಠಿತವಾಗಿ, ಬೇರಿನಲ್ಲಿ ಗಂಟು ಗಂಟಾಗಿ, ಗಡ್ಡೆಯ ಸಿಪ್ಪೆಯಡಿ ನೀರು ತುಂಬಿದಂಥ ಕಂದು ಕಲೆ ಇದ್ದರೆ ಜಂತುಹುಳು, ಅಂದರೆ ಮಣ್ಣಿನಲ್ಲಿದ್ದು ಬೇರಿಗೆ ಹತ್ತುವ ಸೂಕ್ಷ್ಮ ಹುಳು (ನೆಮಟೋಡ್). ಇದನ್ನು ಕಡೆಗಣಿಸಬೇಡಿ. ಜಂತುಹುಳು ಬೇರಿನಲ್ಲಿ ಮಾಡಿದ ಗಾಯವೇ ಉಳಿದ ಕೊಳೆಗಳಿಗೆ ಬಾಗಿಲು. ಎಲೆಯ ಮೇಲೆ ಮೊದಲು ಚುಕ್ಕೆ ಬಂದು ಆಮೇಲೆ ಹಳದಿಯಾಗಿದ್ದರೆ ಅದು ಎಲೆ ರೋಗ, ಬುಡಕ್ಕೆ ಸುರಿದ ಮದ್ದು ವ್ಯರ್ಥ. ಇನ್ನು ಡಿಸೆಂಬರ್ ನಂತರ ಇಡೀ ಹೊಲ ಒಟ್ಟಿಗೆ ಹಳದಿಯಾಗಿ ಒಣಗಿದರೆ ಬೆಳೆ ಬಲಿತಿದೆ, ಅಷ್ಟೆ.

ಕೊಳೆತ ಗಡ್ಡೆಯಲ್ಲಿ ಬಿಳಿ ಹುಳ ಕಂಡು ಹುಳವೇ ಕೊಳೆಸಿತು ಎಂದು ಕೀಟನಾಶಕ ಹಾಕುವವರು ಬಹಳ. ಈ ನೊಣದ ಮರಿಗಳು ಸಾಮಾನ್ಯವಾಗಿ ಕೊಳೆ ಶುರುವಾದ ಮೇಲೆ ಬರುವಂಥವು. ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಫೋರೇಟ್ ಹರಳು ಎಂದು ಬರೆದಿರುತ್ತದೆ. ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಯಾರಾದರೂ ಕೊಟ್ಟರೂ ತರಬೇಡಿ.

ಪಿಥಿಯಂ ಎಂದು ತಿಳಿದ ಮೇಲೆ

ಮದ್ದಿಗಿಂತ ಮೊದಲು ನೀರು. ರೋಗದ ಮಡಿಯ ಸುತ್ತಲ ಬಸಿಗಾಲುವೆಯನ್ನು ಒಂದು ಗುದ್ದಲಿ ಆಳ ಹೆಚ್ಚಿಸಿ, ಆ ನೀರು ಕೆಳಗಿನ ಮಡಿಗಳ ನಡುವೆ ಹಾಯದೆ ನೇರವಾಗಿ ಹೊಲದಿಂದ ಹೊರಗೆ ಹೋಗುವಂತೆ ತಿರುಗಿಸಿ. ನೀರು ನಿಂತಿದ್ದಾಗ ಸುರಿದ ಮದ್ದು ತೆಳುವಾಗಿ ಕಾಲುವೆಗೆ ಹೋಗುತ್ತದೆ, ಈಜುವ ಬೀಜಕಣಗಳು ಅದೇ ಕಾಲುವೆಯಲ್ಲಿ ಮುಂದಿನ ಮಡಿಗೆ ಹೋಗುತ್ತವೆ.

ನಂತರ ರೋಗದ ಗಿಡವನ್ನು ಸುತ್ತಲಿನ ಅರ್ಧ ಅಡಿ ಮಣ್ಣಿನ ಸಮೇತ ಅಗೆದು ಚೀಲಕ್ಕೆ ಹಾಕಿ. ಮಡಿಯುದ್ದಕ್ಕೂ ಎಳೆದೊಯ್ಯಬೇಡಿ, ಕಾಲುವೆಗೆ ಎಸೆಯಬೇಡಿ, ತಿಪ್ಪೆಗೆ ಹಾಕಲೇಬೇಡಿ. ತಿಪ್ಪೆಗೆ ಹೋದದ್ದು ಮುಂದಿನ ವರ್ಷ ಗೊಬ್ಬರದೊಂದಿಗೆ ಇಡೀ ಹೊಲಕ್ಕೆ ವಾಪಸು ಬರುತ್ತದೆ. ಒಣಗಿಸಿ ಸುಡಿ, ಇಲ್ಲವೇ ಹೊಲದ ಹೊರಗೆ, ನೀರು ಹೊಲಕ್ಕೆ ಹರಿಯದ ತಗ್ಗಿನ ಕಡೆ ಎರಡು ಅಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ.

ಮದ್ದು: ಮೆಟಲಾಕ್ಸಿಲ್ ಶೇ 8, ಮ್ಯಾಂಕೋಜೆಬ್ ಶೇ 64 ಇರುವ ಮಿಶ್ರ ಪುಡಿ, ಲೀಟರಿಗೆ 2 ಗ್ರಾಂ. ಸೋಲುವುದು ಹೆಚ್ಚಾಗಿ ಪ್ರಮಾಣದಲ್ಲಿ, ಆದ್ದರಿಂದ ಲೆಕ್ಕ ನೋಡಿ. ಗಡ್ಡೆ ಇರುವ ಆಳಕ್ಕೆ ಮದ್ದು ಇಳಿಯಬೇಕಾದರೆ ಚದರ ಮೀಟರಿಗೆ 3 ಲೀಟರ್ ಆದರೂ ಬೇಕು. ಒಂದು ಮೀಟರ್ ಅಗಲದ ಮಡಿಯಲ್ಲಿ ಹತ್ತು ಲೀಟರ್ ಬಕೆಟ್ಟಿಗೆ 20 ಗ್ರಾಂ ಪುಡಿ ಕಲಸಿದರೆ ಮಡಿಯ ಮೂರು ಮೀಟರ್ ಉದ್ದಕ್ಕೆ ಸಾಕು. ಮೀಟರ್ ಅಗಲದ ಮಡಿ, ಅರ್ಧ ಮೀಟರ್ ಕಾಲುವೆ ಎಂದರೆ ಎಕರೆಯಲ್ಲಿ ಮಡಿಯ ಜಾಗ ಸುಮಾರು 2,700 ಚದರ ಮೀಟರ್. ಪೂರ್ತಿ ಎಕರೆಗೆ 8,000 ಲೀಟರ್ ನೀರು, 16 ಕಿಲೋ ಪುಡಿ. 200 ಲೀಟರ್ ಡ್ರಮ್ಮು ಒಂದನ್ನು ಇಡೀ ಎಕರೆಗೆ ಚಿಮುಕಿಸಿದರೆ ಚದರ ಮೀಟರಿಗೆ ಬೀಳುವುದು 75 ಮಿಲಿಲೀಟರ್, ಅಂದರೆ ಅರ್ಧ ಲೋಟಕ್ಕಿಂತ ಕಡಿಮೆ. ಅದು ಮಡಿಯ ಮೇಲೆ ಹರಡಿದ ಸೊಪ್ಪು, ಹುಲ್ಲಿನ ಹೊದಿಕೆಯನ್ನು ಒದ್ದೆ ಮಾಡಿ ಮುಗಿಯುತ್ತದೆ. ‘ಮದ್ದು ಹಾಕಿದೆ, ನಿಲ್ಲಲಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಅದಕ್ಕೆ ಇಡೀ ಹೊಲದ ಯೋಚನೆ ಬಿಟ್ಟು ರೋಗದ ಜಾಗಕ್ಕೆ ಬೇಲಿ ಹಾಕುವ ಲೆಕ್ಕ ಇಟ್ಟುಕೊಳ್ಳಿ. ಗಿಡ ತೆಗೆದ ಗುಣಿ, ಅದರಿಂದ ಮಡಿಯ ಎರಡೂ ಕಡೆಗೆ ಒಂದೊಂದು ಮೀಟರ್, ಇಳಿಜಾರಿನ ಕಡೆ ಇನ್ನೊಂದು ಮೀಟರ್ ಹೆಚ್ಚು. ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಹೂಜಿಯಲ್ಲೋ ಮೂತಿ ತೆಗೆದ ಪಂಪಿನಲ್ಲೋ ನಿಧಾನವಾಗಿ ಸುರಿದು, ಹೊದಿಕೆಯನ್ನು ಮತ್ತೆ ಎಳೆಯಿರಿ. ಈ ಪುಡಿಯನ್ನು ಹನಿ ನೀರಾವರಿ ಪೈಪಿನಲ್ಲಿ ಬಿಟ್ಟರೆ ತೂತು ಕಟ್ಟಿಕೊಳ್ಳುತ್ತದೆ. ಹದಿನೈದರಿಂದ ಇಪ್ಪತ್ತು ದಿನ ಬಿಟ್ಟು ಎರಡನೆಯ ಸಲಕ್ಕೆ ಮದ್ದು ಬದಲಿಸಿ: ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಅಥವಾ ಶೇ 1ರ ಬೋರ್ಡೋ ದ್ರಾವಣ. ಮೆಟಲಾಕ್ಸಿಲ್ ಅನ್ನೇ ಸಲಸಲಕ್ಕೂ ಹಾಕಿದರೆ ಪಿಥಿಯಂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕೈಗವಸು, ಮುಖಗವಸು ಇಲ್ಲದೆ ಪುಡಿ ಕಲಸಬೇಡಿ.

ಬೋರ್ಡೋ ಮಾಡುವವರಿಗೆ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರಿನಲ್ಲಿ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ. ಹೊಳೆಯುವ ಕುಡುಗೋಲಿನ ತುದಿಯನ್ನು ಅದ್ದಿ ಒಂದು ನಿಮಿಷ ಬಿಟ್ಟು ತೆಗೆಯಿರಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಅದೇ ದಿನ ಬಳಸಿ ಮುಗಿಸಿ.

ದುಂಡಾಣು ಎಂದಾದರೆ

ಇಲ್ಲಿ ಗಿಡ ಉಳಿಸುವ ಮಾತಿಲ್ಲ, ಉಳಿದ ಗಿಡಗಳನ್ನು ಕಾಯುವ ಮಾತು ಮಾತ್ರ. ರೋಗದ ಗಿಡ ಮತ್ತು ನೋಡಲು ಚೆನ್ನಾಗಿರುವ ಅಕ್ಕಪಕ್ಕದ ಒಂದೊಂದು ಗಿಡವನ್ನೂ ತೆಗೆಯಬೇಕು. ಮನಸ್ಸಿಗೆ ಕಷ್ಟವಾದರೂ ಆ ಪಕ್ಕದ ಗಿಡದ ಒಳಗೆ ಆಗಲೇ ದುಂಡಾಣು ಸೇರಿರುವ ಸಂಭವ ಹೆಚ್ಚು. ಗುಣಿಗೆ ಬ್ಲೀಚಿಂಗ್ ಪೌಡರ್ ಒಂದು ಹಿಡಿ ಉದುರಿಸಿ ಮಣ್ಣು ಮುಚ್ಚಿ. ಸುತ್ತಲಿನ ಗಿಡಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸುರಿಯಿರಿ. ಇದು ಹರಡುವುದನ್ನು ತಗ್ಗಿಸಬಹುದು, ಗುಣಪಡಿಸದು. ಸ್ಟ್ರೆಪ್ಟೋಮೈಸಿನ್‌ನಂಥ ಪ್ರತಿಜೀವಕಗಳನ್ನು ಮಣ್ಣಿಗೆ ಸುರಿಯುವುದು ದುಡ್ಡಿಗೂ ಕೇಡು, ಮನುಷ್ಯರ ಔಷಧಿಗೂ ಕೇಡು. ಮಣ್ಣಿನಲ್ಲಿ ಅದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಔಷಧಿಗೆ ಬಗ್ಗದ ಸೂಕ್ಷ್ಮಾಣುಗಳು ಮಾತ್ರ ಹೆಚ್ಚುತ್ತವೆ.

ದುಂಡಾಣುವನ್ನು ಅತಿ ವೇಗವಾಗಿ ಹರಡುವುದು ಕೈ ಮತ್ತು ಕತ್ತಿ. ರೋಗ ಕಂಡ ಮೇಲೆ ಆ ತಾಕಿನಲ್ಲಿ ಕಳೆಯನ್ನು ಅಗೆದು ತೆಗೆಯುವುದು, ಮಣ್ಣು ಏರಿಸುವುದು ನಿಲ್ಲಿಸಿ, ಬೇರಿಗೆ ಗಾಯವಾಗಬಾರದು. ಆಳುಗಳು ಮೊದಲು ಆರೋಗ್ಯದ ತಾಕಿನಲ್ಲಿ ಕೆಲಸ ಮುಗಿಸಿ ಕೊನೆಗೆ ರೋಗದ ತಾಕಿಗೆ ಇಳಿಯಲಿ. ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ಟಿನಲ್ಲಿ ಗುದ್ದಲಿ, ಕುಡುಗೋಲುಗಳನ್ನು ಅದ್ದಿ ತೆಗೆದು, ತುಕ್ಕು ಹಿಡಿಯದಂತೆ ತಿಳಿನೀರಿನಲ್ಲಿ ತೊಳೆಯಿರಿ. ಬ್ಲೀಚಿಂಗ್ ಪೌಡರನ್ನು ಗೊಬ್ಬರದ ಜೊತೆ ಬೆರೆಸಬೇಡಿ, ಕೆಟ್ಟ ಅನಿಲ ಏಳುತ್ತದೆ.

ಶುಂಠಿ ಆರು ತಿಂಗಳು ದಾಟಿದ್ದು ರೋಗ ದಿನದಿನಕ್ಕೆ ಹೊಸ ಮಡಿ ಹಿಡಿಯುತ್ತಿದ್ದರೆ, ಕಾಯುವುದಕ್ಕಿಂತ ಇನ್ನೂ ರೋಗ ಮುಟ್ಟದ ಮಡಿಗಳನ್ನು ಕಿತ್ತು ಹಸಿ ಶುಂಠಿಯಾಗಿ ಮಾರುವುದು ಲೇಸು. ಮದ್ದು ಸುರಿದ ಮಡಿಯಾದರೆ ಡಬ್ಬಿಯ ಚೀಟಿಯಲ್ಲಿರುವ ಕಾಯುವ ಅವಧಿ ಮುಗಿಯದೆ ಕೀಳಬಾರದು. ಅರಿಶಿನದಲ್ಲಿ ಈ ದಾರಿ ಇಲ್ಲ. ಬಲಿಯದ ಗಡ್ಡೆ ಬೇಯಿಸಿ ಒಣಗಿಸಿದರೆ ತೂಕವೂ ಬರುವುದಿಲ್ಲ, ಬಣ್ಣವೂ ಬರುವುದಿಲ್ಲ.

ಫ್ಯುಸೇರಿಯಂ ಒಣ ಕೊಳೆಗೆ ಕಾರ್ಬೆಂಡಜಿಂ ಲೀಟರಿಗೆ 1 ಗ್ರಾಂ ಸುರಿದು ವೇಗ ತಗ್ಗಿಸಬಹುದು. ಆದರೆ ಬೆಳೆಯ ನಡುವೆ ಅದಕ್ಕೆ ಸುರಿದ ಹಣ ಹೆಚ್ಚು ವಾಪಸು ಬರುವುದಿಲ್ಲ. ಜಂತುಹುಳು ಇದ್ದರೆ ಅದನ್ನು ಬಿಟ್ಟು ಫ್ಯುಸೇರಿಯಂಗೆ ಮಾತ್ರ ಮದ್ದು ಹಾಕಿ ಫಲವಿಲ್ಲ. ಮುಂದಿನ ನಾಟಿಗೆ ಬೇವಿನ ಹಿಂಡಿ, ನಡುವೆ ಚೆಂಡು ಹೂವಿನ ಒಂದು ಬೆಳೆ ಇದಕ್ಕೆ ಸರಿಯಾದ ಉತ್ತರ. ಗುಂಡ್ಲುಪೇಟೆ ಕಡೆ ಚೆಂಡು ಹೂ ಹೇಗೂ ಬೆಳೆಯುತ್ತಾರೆ. ಅದರ ಬೇರು ಗಂಟು ಕಟ್ಟುವ ಜಂತುಹುಳುವನ್ನು ತಗ್ಗಿಸುತ್ತದೆ, ಆದ್ದರಿಂದ ಅರಿಶಿನದ ಹಿಂದಿನ ಬೆಳೆಯಾಗಿ ಅದು ಚೆನ್ನಾಗಿ ಹೊಂದುತ್ತದೆ.

ಏಲಕ್ಕಿಯ ಬುಡ ಕೊಳೆಯಲ್ಲೂ ಪಿಥಿಯಂ ಇದೆ, ಕಾಳುಮೆಣಸಿನ ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರಾ ಅದರದೇ ಬಳಗ. ಅಲ್ಲಿಯೂ ಮೆಟಲಾಕ್ಸಿಲ್, ತಾಮ್ರ ನಾಟುತ್ತವೆ, ಕಾರ್ಬೆಂಡಜಿಂ ನಾಟದು. ತೋಟದಲ್ಲಿ ಮೆಣಸಿನ ಬಳ್ಳಿ ಸತ್ತ ಜಾಗದ ನೀರು ಶುಂಠಿ ಮಡಿಗೆ ಹರಿಯದಂತೆ ನೋಡಿಕೊಳ್ಳಿ.

ಜೈವಿಕ ಮದ್ದು ಎಲ್ಲಿ ಸೋಲುತ್ತದೆ

ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಒಳ್ಳೆಯದು, ಆದರೆ ಅದು ಕಾವಲುಗಾರ, ಬೆಂಕಿ ಆರಿಸುವುದಲ್ಲ. ಕೊಳೆ ಹಿಡಿದ ಗಿಡಕ್ಕೆ ಹಾಕಿ ಕಾಯುವುದು ತಪ್ಪು. ತಾಮ್ರ, ಮ್ಯಾಂಕೋಜೆಬ್ ಅಥವಾ ಕಾರ್ಬೆಂಡಜಿಂ ಸುರಿದು ಮೂರು ವಾರ ಆಗದೆ ಅದನ್ನು ಹಾಕಿದರೆ ಮೊದಲು ಸಾಯುವುದು ಅದೇ. ನಾಟಿಗೆ ಹದಿನೈದು ದಿನ ಮೊದಲು 1 ಕಿಲೋ ಟ್ರೈಕೋಡರ್ಮಾ, 10 ಕಿಲೋ ಬೇವಿನ ಹಿಂಡಿ, 90 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಡಿ. ಐದು ದಿನಕ್ಕೊಮ್ಮೆ ತಿರುವಿ ಹಾಕಿ. ಹಸಿರು ಬೂಸ್ಟು ಹರಡಿದ್ದರೆ ಸರಿಯಾಗಿದೆ. ಗೊಬ್ಬರ ಕೈಗೆ ಬಿಸಿಯಾಗಿದ್ದರೆ ಅದು ಇನ್ನೂ ಕಳಿತಿಲ್ಲ, ಆ ಕಾವಿನಲ್ಲಿ ಟ್ರೈಕೋಡರ್ಮಾ ಉಳಿಯದು. ಪ್ಯಾಕೆಟ್ಟಿನ ಮೇಲಿನ ತಯಾರಿ ದಿನಾಂಕ ನೋಡಿ, ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿದ್ದುದನ್ನು ತರಬೇಡಿ.

ಬೀಜದ ಗಡ್ಡೆ

ಹೆಚ್ಚಿನ ಹೊಲಗಳಿಗೆ ಕೊಳೆ ಮೊದಲು ಬರುವುದು ಚೀಲದಲ್ಲಿ. ಕಿತ್ತ ಮೇಲೆ ಯಾವ ಗಡ್ಡೆ ಯಾವ ಮಡಿಯದು ಎಂದು ತಿಳಿಯುವುದಿಲ್ಲ. ಆದ್ದರಿಂದ ಬೀಜಕ್ಕೆಂದು ಬಿಡುವ ಮಡಿಗಳನ್ನು ಆಗಸ್ಟ್–ಸೆಪ್ಟೆಂಬರಿನಲ್ಲಿ, ಎಲೆ ಹಸಿರಾಗಿರುವಾಗಲೇ ಬಣ್ಣದ ಬಟ್ಟೆ ಕಟ್ಟಿ ಗುರುತಿಸಿ. ಒಂದೇ ಒಂದು ಗಿಡ ಸೊರಗಿದ ಮಡಿಯೂ ಬೀಜಕ್ಕೆ ಬೇಡ.

ಹೊರಗಿನಿಂದ ಶುಂಠಿ ಬೀಜ ತರುವಾಗ, ಹಿಮಾಚಲ ತಳಿಯಾಗಲಿ ರಿಗೋಡಿ ತಳಿಯಾಗಲಿ, 60 ಕಿಲೋ ಚೀಲಗಳ ಮೇಲ್ಬಾಯಿ ಮಾತ್ರ ನೋಡಬೇಡಿ. ಐದಾರು ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಸೇರಿಸಿ ಇಪ್ಪತ್ತು ಗಡ್ಡೆ ತೆಗೆದು ಸೀಳಿ. ನಾರಿನಲ್ಲಿ ಕಂದು ಉಂಗುರ, ಒತ್ತಿದರೆ ಹಾಲು, ಸಿಪ್ಪೆಯ ಮೇಲೆ ಬಿಳಿ ಹುಡಿಯಂಥ ಶಲ್ಕ ಕೀಟ, ಇವುಗಳಲ್ಲಿ ಯಾವುದಿದ್ದರೂ ಗಮನಿಸಿ. ಹಾಲು ಬಂದ ಗಡ್ಡೆ ಒಂದೇ ಸಿಕ್ಕರೂ ಆ ರಾಶಿ ಬೇಡ, ಎಷ್ಟೇ ಅಗ್ಗವಾಗಿರಲಿ. ಶಲ್ಕ ಕೀಟ ಮಾತ್ರವಾದರೆ ಕ್ವಿನಾಲ್‌ಫಾಸ್ ಶೇ 25ರದನ್ನು ಲೀಟರಿಗೆ 3 ಮಿಲಿಯಂತೆ ಬೆರೆಸಿ 20ರಿಂದ 30 ನಿಮಿಷ ಅದ್ದಿ ನಿವಾರಿಸಬಹುದು.

ಬೀಜೋಪಚಾರಕ್ಕೆ 100 ಲೀಟರ್ ನೀರಿಗೆ 300 ಗ್ರಾಂ ಮ್ಯಾಂಕೋಜೆಬ್. ಮಣ್ಣು ತೊಳೆದ ಗಡ್ಡೆಯನ್ನು 30 ನಿಮಿಷ ಮುಳುಗಿಸಿ, ತೆಗೆದು, ಮೂರು ನಾಲ್ಕು ಗಂಟೆ ನೆರಳಲ್ಲಿ ಆರಿಸಿ. ಒದ್ದೆಯಾಗಿಯೇ ಗೋಣಿಗೆ ತುಂಬಿದರೆ ಉಪಚಾರವೇ ಕೊಳೆಗೆ ಕಾರಣವಾಗುತ್ತದೆ. ಗಡ್ಡೆಯನ್ನು ಮುರಿದ ಅಥವಾ ಕತ್ತರಿಸಿದ ಗಾಯ ಒಣಗಿ ಪದರ ಕಟ್ಟಿದ ಮೇಲೆಯೇ ನೆಡಿ. ತೊಟ್ಟಿಯ ನೀರು ಕೆಸರಾದ ಕೂಡಲೆ ಚೆಲ್ಲಿ ಹೊಸದು ಕಲಸಿ. ಮ್ಯಾಂಕೋಜೆಬ್ ದುಂಡಾಣುವನ್ನು ಕೊಲ್ಲುವುದಿಲ್ಲ. ಒಂದು ರೋಗದ ಗಡ್ಡೆ ತೊಟ್ಟಿಗಿಳಿದರೆ ಅದೇ ನೀರಿನಲ್ಲಿ ಅದ್ದಿದ ಉಳಿದ ಗಡ್ಡೆಗಳಿಗೂ ದುಂಡಾಣು ಅಂಟುತ್ತದೆ. ಆದ್ದರಿಂದ ಸೀಳಿ ನೋಡುವುದು ಮೊದಲು, ಅದ್ದುವುದು ಆಮೇಲೆ.

ರೋಗ ಬಂದ ನೆಲ

ಪಿಥಿಯಂ, ಫ್ಯುಸೇರಿಯಂ ಎರಡೂ ಗಟ್ಟಿ ಕವಚದ ಬೀಜಕಣಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಮರುವರ್ಷ ಅಲ್ಲೇ ಶುಂಠಿ, ಅರಿಶಿನ ಬೇಡ. ದುಂಡಾಣು ಬಂದ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನೂ ದೂರವಿಡಿ. ನೀರಿರುವ ಕಡೆ ಭತ್ತ, ಇಲ್ಲದ ಕಡೆ ರಾಗಿ ಹಾಕಿ, ಕನಿಷ್ಠ ಮೂರು ವರ್ಷ.

ಜಾಗ ಬದಲಿಸಲು ಆಗದವರು ಮಾರ್ಚ್–ಮೇ ಬಿಸಿಲನ್ನು ಬಳಸಬೇಕು. ಒಂದು ಮೀಟರ್ ಅಗಲ, ಒಂದು ಅಡಿ ಎತ್ತರದ ಮಡಿ ಮಾಡಿ, ಹೆಂಟೆ ಒಡೆದು, ಚೆನ್ನಾಗಿ ನೀರು ಕೊಟ್ಟು, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ಅಂಚನ್ನು ಮಣ್ಣಿನಿಂದ ಮುಚ್ಚಿ 40ರಿಂದ 45 ದಿನ ಬಿಡಿ. ಕರಿ ಹಾಳೆ ಹಾಕಿದರೆ ಬಿಸಿಲು ಒಳಗಿಳಿಯದೆ ಹಾಳೆಯೇ ಕಾಯುತ್ತದೆ. ಒಣ ಮಣ್ಣಿಗೆ ಹೊದಿಸಿದರೆ ಕಾವು ಆಳಕ್ಕೆ ಹೋಗುವುದಿಲ್ಲ. ಹಾಳೆಯಲ್ಲಿ ತೂತು ಬಿದ್ದರೆ ಅದೇ ದಿನ ಟೇಪು ಹಚ್ಚಿ. ಹಾಳೆ ತೆಗೆದ ಮೇಲೆ ಮಡಿಯನ್ನು ಮತ್ತೆ ಆಳವಾಗಿ ಅಗೆಯಬೇಡಿ, ಕೆಳಗಿನ ಕಾವು ತಾಗದ ಮಣ್ಣು ಮೇಲೆ ಬರುತ್ತದೆ. ಗುಣಿಯಷ್ಟೇ ತೆಗೆದು, ಟ್ರೈಕೋಡರ್ಮಾ ಗೊಬ್ಬರ ಹಾಕಿ, ಗಡ್ಡೆ ಊರಿ. ಎಕರೆಗೆ 8 ಕ್ವಿಂಟಾಲ್ ಬೇವಿನ ಹಿಂಡಿ ಈ ಹಂತದಲ್ಲೇ ಮಡಿಗೆ ಸೇರಲಿ. ಹಾಳೆ ಹೊದಿಸುವುದಕ್ಕೂ ಮೊದಲೇ ಬಸಿಗಾಲುವೆಗಳನ್ನು ತೋಡಿ, ಒಂದು ಬಕೆಟ್ ನೀರು ಸುರಿದು ಅದು ಹೊಲದ ಹೊರಗಿನ ತನಕ ನಿಲ್ಲದೆ ಹರಿಯುತ್ತದೆಯೇ ನೋಡಿ. ಎಲ್ಲಿ ನಿಂತಿತೋ ಅಲ್ಲಿ ಮಳೆ ಬರುವ ಮೊದಲೇ ಗುದ್ದಲಿ ಬೀಳಬೇಕು.